ನಮ್ಮ ಮಾವನವರ ಸೂರಕ್ಕಿ ಸ್ಟಾಪು

ನಮ್ಮ ಮಾವನವರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೋದದ್ದು ಬಸ್ಸು ಮಾತ್ರ. ಕಂಡಕ್ಟರು ಶ್ರೀನಿವಾಸಪುರದ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಮದುವೆಯಾಗಿ ಬಂದು, ಹೊಸ್ತಿಲ ಮೇಲಿನ ಸೇರಕ್ಕಿ ಒದೆಯಲು ಕಾಲೆತ್ತಿದಾಗ, ಬಾಗಿಲಲ್ಲಿ ಕಿಕ್ಕಿರಿದ ನೆಂಟರಿಗೆ ಅವರು ಹೇಳಿದ್ದೇನು ಗೊತ್ತೆ? “ಒಳಗಡೆ ಹೋಗ್ರಪ್ಪಾ, ಹಿಂದೆಲ್ಲಾ ಖಾಲಿ ಇದೆ.”

ಅವರ ಬಸ್ಸಿನಲ್ಲಿ ಕಂಡಕ್ಟರು ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಕೋಲಾರದ ದಾರಿಯಲ್ಲಿ, ಸ್ಟಾಪೇ ಇಲ್ಲದ ಮಾವಿನ ತೋಪಿನ ನಡುವೆ, ಇವರು ಒಂದು ಸೀಟಿ ಊದಿಬಿಡುತ್ತಿದ್ದರಂತೆ. ಇಳಿಯುವವರಿಲ್ಲ, ಹತ್ತುವವರಿಲ್ಲ. ನೋಡಿದರೆ ಗೌಜಲಹಕ್ಕಿಯೊಂದು ಮರಿಗಳ ಸಾಲು ಕಟ್ಟಿಕೊಂಡು ರಸ್ತೆ ದಾಟುತ್ತಿರುತ್ತಿತ್ತು!

“ಏಂ ಸಾರೂ, ವಾಟಿಕಿ ಗೂಡಾ ಟಿಕೆಟ್ಟಾ?” ಹಕ್ಕಿಗಳಿಗೂ ಟಿಕೆಟ್ಟೇ ಎಂದು ಹಿಂದಿನ ಸೀಟಿನವರು ತೆಲುಗಿನಲ್ಲಿ ರೇಗಿಸುತ್ತಿದ್ದರು.

“ಅಮ್ಮನಿಗೆ ಫುಲ್ಲು, ಮರಿಗಳಿಗೆ ಹಾಫು,” ಎನ್ನುತ್ತಿದ್ದರು ಮಾವ.

ಇಂಜಿನ್ನಿನ ಸದ್ದಿನಲ್ಲೇ ಅಷ್ಟು ವರ್ಷ ನಿಂತು ಅವರ ಕಿವಿ ಹೋಯಿತು. ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ. ಪೂಜೆಯ ಗಂಟೆಗೂ ತಿರುಗಿ ನೋಡುವುದಿಲ್ಲ. ಕಿವಿಯ ಮೆಷಿನ್ನು ತಂದುಕೊಟ್ಟೆವು. “ಬರೀ ಗೊರಗೊರ ಅನ್ನತ್ತೆ. ಮತ್ತೆ ಡ್ಯೂಟಿಗೆ ಹಾಕ್ದಂಗಿದೆ,” ಎಂದು ಬೀರುವಿನಲ್ಲಿಟ್ಟುಬಿಟ್ಟರು.

ಈ ವರ್ಷದ ಕಥೆ ಕೇಳಿ. ಸಂಕ್ರಾಂತಿಗೆ ಮುಂಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗಿ ಹಪ್ಪಳವಾಗಿತ್ತು. ಯುಗಾದಿಗೆ ಬದಲಾಯಿಸಿದರಾಯಿತೆಂದು ಬಿಟ್ಟಿದ್ದೆ. ಅದರ ತುದಿಗೆ, ನನ್ನ ಹೆಬ್ಬೆರಳಿಗಿಂತ ಚೂರು ದೊಡ್ಡದಾದ ಸೂರಕ್ಕಿಯೊಂದು ನಾರು, ಜೇಡರಬಲೆ ತಂದು ಚೀಲದಂಥ ಗೂಡು ನೇತುಹಾಕಿತು. ಗೂಡಿನ ಬಾಯಿಗೆ ಮಳೆ ತಡೆಯುವ ಸಜ್ಜಾ ಬೇರೆ!

ಮಾವ ಮುಂಬಾಗಿಲಿಗೆ ಅಗುಳಿ ಜಡಿದು, ಹೊರಗಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಹಿಂಬಾಗಿಲಿನಿಂದ ಹತ್ತಿ’ ಎಂದು ಬರೆದರು. ಹಾಲಿನವಳೂ ನೆಂಟರೂ ಬಚ್ಚಲ ಪಕ್ಕದಿಂದ ಬಂದರು. ಅದನ್ನೂ ಸಹಿಸಿದೆ. ಆಮೇಲೆ ಒಂದು ದಿನ, “ಪೂಜೇಲಿ ಗಂಟೆ ಬಾರಿಸ್ಬೇಡ ಕಣಮ್ಮಾ,” ಎಂದರು. ತಮಗೇ ಕೇಳದ ಗಂಟೆಯ ಮೇಲೆ ಇದೆಂಥ ಕೋಪ? ದೇವರಿಗೆ ಕೈಮುಗಿದು, ಗಂಟೆಯಿಲ್ಲದೆ ಬರೀ ಆರತಿ ಎತ್ತಿದೆ.

ಆದರೆ ಯುಗಾದಿ? ಈ ಮನೆಗೆ ಬಂದಾಗಿನಿಂದ ಒಂದು ವರ್ಷವೂ ಹಸಿ ತೋರಣ ತಪ್ಪಿಸಿದವಳಲ್ಲ ನಾನು. ಒಣಗಿದೆಲೆಯ ಕೆಳಗೆ ಲಕ್ಷ್ಮಿ ಹೇಗೆ ಬರುತ್ತಾಳೆ? ಹಬ್ಬದ ದಿನ ಬೆಳಿಗ್ಗೆ ತಲೆಗೆ ಎರೆದುಕೊಂಡು, ಹೊಸ ತೋರಣ, ಕತ್ತರಿ ಹಿಡಿದು ಹೊರಗಿನಿಂದ ಸ್ಟೂಲು ಹತ್ತಿಯೇಬಿಟ್ಟೆ.

ಗೂಡಿನೊಳಗಿಂದ ಎರಡು ಹಳದಿ ಬಾಯಿಗಳು ನನ್ನತ್ತ ತೆರೆದುಕೊಂಡವು. ನಾನೇ ಊಟ ತಂದೆನೆಂದುಕೊಂಡವೋ ಏನೋ! ನೂಲಿನಷ್ಟು ಸಣ್ಣ ದನಿಯಲ್ಲಿ ಕರೆದವು.

ಕೆಳಗೆ ನೋಡಿದರೆ ಮಾವ ಸ್ಟೂಲು ಅಲುಗದಂತೆ ಹಿಡಿದು ನಿಂತಿದ್ದರು. ಬೇಡ ಎನ್ನಲಿಲ್ಲ. “ಏನಾದ್ರೂ ಅಂತಾವೇನಮ್ಮಾ?” ಎಂದರು.

ಇಳಿದು, ಅವರ ಕಿವಿಯ ಹತ್ತಿರ ಬಾಯಿಟ್ಟು, “ಚೀ… ಚೀ… ಅಂತಾವೆ ಮಾವ,” ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. “ಇನ್ನೊಂದ್ಸಲ.”

ಮತ್ತೆ ಕೂಗಿ ತೋರಿಸಿ ಕೇಳಿದೆ. “ಗಂಟೆ ನಿಮಗೇ ಕೇಳಲ್ವಲ್ಲ, ಯಾಕೆ ಬೇಡ ಅಂದ್ರಿ?”

“ನಿಂಗೆ ಇವು ಕೇಳಿಸ್ಲಿ ಅಂತ ಕಣಮ್ಮಾ. ನೀನು ಕೇಳಿಸ್ಕೊಂಡ್ರೆ ನಂಗೂ ಹೇಳ್ತೀಯಲ್ಲ.”

ಕತ್ತರಿ ಒಳಗಿಟ್ಟೆ. ಹೊಸ ತೋರಣ ಹಿಂಬಾಗಿಲಿಗೆ ಕಟ್ಟಿ, ಅಲ್ಲೇ ರಂಗೋಲಿ ಬಿಟ್ಟೆ. ಲಕ್ಷ್ಮಿಗೆ ಬಚ್ಚಲ ದಾರಿ ತೋರಿಸಿದ ಪಾಪ ನನ್ನ ಮೇಲಿರಲಿ.

ನಾಲ್ಕನೆಯ ದಿನ ಬೆಳಿಗ್ಗೆ ಪೂಜೆಯ ಸಾಮಾನು ತೊಳೆಯುತ್ತಿದ್ದೆ. ಮಾವ ಬಂದು ಕೈ ಹಿಡಿದು ಮುಂದಿನ ಕಿಟಕಿಗೆ ಎಳೆದುಕೊಂಡು ಹೋದರು. ಒಂದು ಮರಿ ಆಗಲೇ ಹೊರಟಿತ್ತು. ಇನ್ನೊಂದು ಒಣ ತೋರಣದ ಮೇಲೆ ಕೂತು ಹಿಂದುಮುಂದು ನೋಡುತ್ತಿತ್ತು. ನಾವಿಬ್ಬರೂ ಉಸಿರು ಹಿಡಿದೆವು. ಅದು ತಟ್ಟನೆ ಹಾರಿ, ರಸ್ತೆಯಾಚೆಯ ನುಗ್ಗೆಮರ ಸೇರಿತು.

ನನ್ನ ಒದ್ದೆ ಕೈಯಲ್ಲಿ ಪೂಜೆಯ ಗಂಟೆಯಿತ್ತು. ಎರಡು ಸಲ ಬಾರಿಸಿದೆ.

ಮಾವ ನನ್ನ ಕೈಯನ್ನೇ ನೋಡಿದರು. ಆಮೇಲೆ ನುಗ್ಗೆಮರದ ಕಡೆ ತಿರುಗಿ, ಕಿಟಕಿಯ ಚೌಕಟ್ಟನ್ನು ಬಸ್ಸಿನ ಮೈ ತಟ್ಟುವಂತೆ ಮೆಲ್ಲಗೆ ತಟ್ಟಿ, “ರೈಟ್,” ಎಂದರು.