ಮಲ್ಲಿಗೆಯ ಬಡ್ಡಿ ಯಾರದ್ದು?

ಕೆಸುವಿನ ಎಲೆಯ ನಾರು ತೆಗೆಯುವಾಗ ನನಗೆ ಯಾರೂ ಫೋನ್ ಮಾಡಬಾರದು. ಎಲೆ ಮುಟ್ಟಿದ ಕೈ ತುರಿಸುತ್ತದೆ, ಆ ಕೈಯಲ್ಲೇ ಫೋನು ಹಿಡಿದರೆ ಕಿವಿಯೂ ತುರಿಸುತ್ತದೆ. ಜೋರು ಮಳೆಯ ಆಟಿ ತಿಂಗಳು ಬಂತೆಂದರೆ ನಮ್ಮವರಿಗೆ ಈ ಎಲೆಗೆ ಹಿಟ್ಟು ಬಳಿದು ಬೇಯಿಸಿದ ಪತ್ರೊಡೆ ಆಗಲೇಬೇಕು. ಅಂದೂ ಹೀಗೆಯೇ ಬನ್ನಂಜೆಯ ನಮ್ಮ ಮನೆಯ ಹಿಂಬಾಗಿಲಲ್ಲಿ ಕುಳಿತು, ಹೊರಗೆ ಸುರಿಯುವ ಮಳೆಗೆ ಬೆನ್ನು ಹಾಕಿ ಎಲೆ ಒರೆಸುತ್ತಿದ್ದೆ. ಫೋನು ಬಡಿದುಕೊಂಡಿತು. ಇವರು. ಮಣಿಪಾಲದ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿರುವ ನನ್ನ ಯಜಮಾನರು ಕೆಲಸದ ಹೊತ್ತಿನಲ್ಲಿ ಮನೆಗೆ ಫೋನ್ ಮಾಡುವವರಲ್ಲ. ಮಾಡಿದರೆ ಒಂದೋ ಯಾರಾದರೂ ತೀರಿಕೊಂಡಿರಬೇಕು, ಇಲ್ಲವೇ ಅವರ ಕನ್ನಡಕ ಮನೆಯಲ್ಲಿ ಉಳಿದಿರಬೇಕು. ಕನ್ನಡಕ ಮೇಜಿನ ಮೇಲೆ ಇರಲಿಲ್ಲ. ಹಾಗಾಗಿ ನಾರಾಯಣಾ ಎಂದು ಹೇಳಿಕೊಂಡೇ ಎತ್ತಿದೆ.

"ನಿನ್ನ ಎಫ್‌ಡಿಯ ಬಡ್ಡಿಯಲ್ಲಿ ಬ್ಯಾಂಕಿನವರು ಟ್ಯಾಕ್ಸ್ ಕತ್ತರಿಸಿದ್ದಾರೆ ಮಾರಾಯ್ತಿ! ಮಾರ್ಚ್‌ನಲ್ಲೇ ಕತ್ತರಿಸಿದ್ದು. ಪಾಸ್‌ಬುಕ್ ಪ್ರಿಂಟ್ ಹಾಕಿಸುವಾಗ ಈಗ ನೋಡಿದೆ."

"ನನಗೆ ಟ್ಯಾಕ್ಸಾ? ನಾನು ಎಂತ ಮಾಡಿದ್ದೇನೆ?" ಎಂದೆ. ಪೊಲೀಸರು ಬಂದು ಹೆಸರು ಕೇಳಿದ ಹಾಗೆ ಎದ್ದು ನಿಂತೆ. ಯಾರೂ ತೀರಿಕೊಂಡಿಲ್ಲವಲ್ಲ, ಅಷ್ಟು ಪುಣ್ಯ ಎಂದು ಆಮೇಲೆ ಹೊಳೆಯಿತು. ಆದರೆ ಕಿವಿ ತುರಿಸಲು ಶುರುವಾಗಿತ್ತು. ಕೆಸುವಿನ ತುರಿಕೆಗೆ ಹುಣಸೆಹುಳಿ ಉಂಟು. ಇನ್‌ಕಮ್ ಟ್ಯಾಕ್ಸಿನ ತುರಿಕೆಗೆ ಮದ್ದು ನನಗೆ ಗೊತ್ತಿರಲಿಲ್ಲ.

ಆದದ್ದು ಇಷ್ಟೇ. ಪ್ರತಿವರ್ಷ ಏಪ್ರಿಲ್‌ನಲ್ಲಿ ಇವರು ಬ್ಯಾಂಕಿನಿಂದ ಒಂದು ಕಾಗದ ತರುತ್ತಾರೆ. ನನಗೆ ಟ್ಯಾಕ್ಸ್ ಕಟ್ಟುವಷ್ಟು ಆದಾಯ ಇಲ್ಲ, ಆದ್ದರಿಂದ ನನ್ನ ಬಡ್ಡಿಯಲ್ಲಿ ಕತ್ತರಿಸಬೇಡಿ ಎಂದು ಬರೆದುಕೊಡುವ ಕಾಗದ. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲಿ ನಾನು ಸಹಿ ಹಾಕುವುದು. ದೇವರು ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡದಿದ್ದರೂ ವರ್ಷಕ್ಕೊಮ್ಮೆ ನಾನು ಬಡವಿ ಎಂದು ಸಹಿ ಮಾಡಿ ಕೊಡುವುದು ನನಗೆ ರೂಢಿಯಾಗಿತ್ತು. ಕಳೆದ ವರ್ಷ ಆ ಹೊತ್ತಿಗೆ ಹೆಜಮಾಡಿಯಲ್ಲಿ ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದೆ. ಮಗುವಿಗೆ ಎಣ್ಣೆ ತಿಕ್ಕುವ ಗಡಿಬಿಡಿಯಲ್ಲಿ ನಾನು ಬಡವಿ ಎಂದು ಹೇಳುವುದು ಬಿಟ್ಟುಹೋಯಿತು. ಬ್ಯಾಂಕಿನವರು ಶ್ರೀಮಂತಳೆಂದು ತಿಳಿದು ಕತ್ತರಿಸಿಬಿಟ್ಟರು.

ಈ ಎಫ್‌ಡಿಯ ವಿಷಯ ಸ್ವಲ್ಪ ಹೇಳಬೇಕು. ನನ್ನ ತಾಯಿಮನೆ ಕಾಪು. ಆ ಕಡೆಯ ಹೆಂಗಸರಿಗೆ ಮಲ್ಲಿಗೆ ಗಿಡ ಎಂದರೆ ಮನೆಯ ಇನ್ನೊಂದು ಹೆಣ್ಣುಮಗು. ಮದುವೆಯಾಗಿ ಬರುವಾಗ ಅಮ್ಮ ಮಲ್ಲಿಗೆಯ ಗೆಲ್ಲು ಕಟ್ಟಿಕೊಟ್ಟಿದ್ದಳು. ಅಂಗಳ ಇಲ್ಲದ ನಮ್ಮ ಮನೆಯಲ್ಲಿ ಅದು ಟೆರೇಸಿನ ಮೇಲೆ ಚಟ್ಟಿಯಲ್ಲಿ ಬೇರು ಬಿಟ್ಟಿತು. ಒಂದು ಚಟ್ಟಿ ಹತ್ತಾಯಿತು, ಹತ್ತು ಟೆರೇಸ್ ತುಂಬಿತು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಒಂದು ತುಂಡು ದೇವರಿಗೆ ಇಟ್ಟು ಉಳಿದದ್ದನ್ನು ಕಟ್ಟೆಗೆ ಕೊಡುವುದು. ಹೂವು ಕೊಂಡುಕೊಳ್ಳುವ ಏಜೆಂಟರ ಅಂಗಡಿಗೆ ನಮ್ಮಲ್ಲಿ ಕಟ್ಟೆ ಎನ್ನುತ್ತಾರೆ. ದಿನದ ರೇಟು ಅಂದಂದೇ ಆಗುತ್ತದೆ. ಮದುವೆಯ ದಿನಗಳಲ್ಲಿ ಆಕಾಶದಲ್ಲಿ, ಆಟಿಯಲ್ಲಿ ಪಾತಾಳದಲ್ಲಿ. ಅಂತೂ ಬಂದದ್ದನ್ನು ಇವರ ಕೈಗೆ ಕೊಡುತ್ತಿದ್ದೆ. "ನಿನ್ನ ಹೂವಿನ ಚಿಲ್ಲರೆ" ಎಂದು ನಗುತ್ತಾ ಅವರು ಅದನ್ನು ಬ್ಯಾಂಕಿಗೆ ಹಾಕುತ್ತಿದ್ದರು. ಅದರ ಜೊತೆಗೆ ತಮ್ಮದನ್ನೂ ಸೇರಿಸುತ್ತಿದ್ದರು. ಸಂಬಳದ ಅರಿಯರ್ಸ್ ಬಂದರೆ, ಚೀಟಿಯ ಹಣ ಬಂದರೆ ಎಲ್ಲ ನನ್ನ ಹೆಸರಿಗೆ. ಇದು ಪ್ರೀತಿಯೆಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. "ಹೆಂಡತಿಯ ಹೆಸರಿನಲ್ಲಿಟ್ಟರೆ ಟ್ಯಾಕ್ಸ್ ಇಲ್ಲ" ಎಂದು ಅವರ ಆಫೀಸಿನಲ್ಲಿ ಎಲ್ಲರೂ ಹಾಗೆಯೇ ಪ್ರೀತಿಸುತ್ತಾರೆಂದು ಆಮೇಲೆ ಗೊತ್ತಾಯಿತು.

ನಮ್ಮಂಥ ಮನೆಗಳಲ್ಲಿ ಈ ಟ್ಯಾಕ್ಸ್ ಎಂಬುದು ದೂರದ ನೆಂಟನ ಹಾಗೆ. ವರ್ಷಕ್ಕೊಮ್ಮೆ ಬರುತ್ತಾನೆ, ಬರುವ ಮೊದಲೇ ಮನೆಯೆಲ್ಲ ತಲೆಕೆಳಗಾಗುತ್ತದೆ. ಹಳೆಯ ಪದ್ಧತಿ ಇದ್ದಾಗ ಜನವರಿ ಬಂತೆಂದರೆ ಇವರಿಗೆ ರಶೀದಿಯ ಜ್ವರ ಏರುತ್ತಿತ್ತು. ವಿಮೆಯದ್ದು ಎಲ್ಲಿ, ಆಸ್ಪತ್ರೆಯದ್ದು ಎಲ್ಲಿ ಎಂದು ಕಪಾಟು ಜಾಲಾಡುವುದು. ಒಮ್ಮೆ ಕೇಳಿದರು, "ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟೆಯಲ್ಲ, ಅದರ ರಶೀದಿ?"

"ಕಾಣಿಕೆ ಡಬ್ಬಿಗೆ ಹಾಕಿದೆ. ಡಬ್ಬಿ ರಶೀದಿ ಕೊಡುತ್ತದಾ?"

"ಹಾಗಾದರೆ ಅದು ಲೆಕ್ಕಕ್ಕೇ ಇಲ್ಲ."

"ದೇವರಿಗೆ ಗೊತ್ತುಂಟಲ್ಲ."

"ದೇವರಿಗೆ ಗೊತ್ತಾದರೆ ಸಾಕಾ? ಆಡಿಟರಿಗೆ ಗೊತ್ತಾಗಬೇಡ್ವಾ?"

ಈಗ ಹೊಸ ಪದ್ಧತಿಯಂತೆ. ಸಂಬಳ ಒಂದು ಗೆರೆಯ ಈಚೆಗಿದ್ದರೆ ಟ್ಯಾಕ್ಸೇ ಇಲ್ಲ, ಯಾವ ರಶೀದಿಯೂ ಬೇಡ. ಇವರು ಆ ಗೆರೆಗೆ ಉಗುರು ತಾಗುವಷ್ಟು ಹತ್ತಿರ, ಆದರೂ ಈಚೆಗೆ ನಿಂತಿದ್ದರು. ರಶೀದಿ ಹುಡುಕುವ ಕೆಲಸ ತಪ್ಪಿದ್ದಕ್ಕೆ ನಾನು ಕೃಷ್ಣನಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದ್ದೆ.

ಭಾನುವಾರ ಕಾರ್ಕಳದಿಂದ ವಿದ್ಯಾ ಬಂದಳು. ಇವರ ಅಕ್ಕನ ಮಗಳು, ಅಲ್ಲಿ ಸಿ.ಎ. ಆಫೀಸ್ ಇಟ್ಟುಕೊಂಡಿದ್ದಾಳೆ. ಪತ್ರೊಡೆಗೆ ತೆಂಗಿನೆಣ್ಣೆ ಹಾಕಿಕೊಂಡು ತಿನ್ನುತ್ತಾ ಲ್ಯಾಪ್‌ಟಾಪ್ ತೆರೆದಳು. ಕತ್ತರಿಸಿದ್ದು ವಾಪಸ್ ಬರಬೇಕಾದರೆ ನನ್ನ ಹೆಸರಿನಲ್ಲಿ ರಿಟರ್ನ್ ಹಾಕಬೇಕಂತೆ. ಹುಟ್ಟಿದ ಮೇಲೆ ಮೊದಲ ಸಲ.

"ಅತ್ತೆ, ಈ ಎಫ್‌ಡಿಯ ಹಣ ಯಾರದ್ದು?" ಎಂದು ಕೇಳಿದಳು.

"ನನ್ನ ಹೂವಿನದ್ದು ಮತ್ತೆ ನಿನ್ನ ಮಾವನದ್ದು."

ವಿದ್ಯಾ ಪತ್ರೊಡೆ ತಿನ್ನುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಕಷ್ಟ ಉಂಟು. ಗಂಡ ಹೆಂಡತಿಗೆ ಕೊಟ್ಟ ಹಣದ ಬಡ್ಡಿ ಗಂಡನ ಆದಾಯಕ್ಕೇ ಸೇರುವುದು. ಹೆಸರು ಯಾರದ್ದಾದ್ರೂ ಅಷ್ಟೇ. ಮಾವನ ಭಾಗದ ಬಡ್ಡಿ ಸೇರಿಸಿದ್ರೆ ಮಾವ ಗೆರೆ ದಾಟುತ್ತಾರೆ."

ಇವರ ಕೈಯಲ್ಲಿದ್ದ ಚಹಾದ ಲೋಟ ಅಲ್ಲಿಯೇ ನಿಂತಿತು. ಲೋಟ ಕೆಳಗಿಟ್ಟು ಹೇಳಿದರು, "ನಾನು ಕೊಟ್ಟದ್ದು ಎಂಥದ್ದು? ಎಲ್ಲ ಇವಳದ್ದೇ. ಎಲ್ಲ ಮಲ್ಲಿಗೆಯದ್ದೇ!"

ಆಮೇಲೆ ಶುರುವಾಯಿತು ನೋಡಿ ಮಲ್ಲಿಗೆಯ ಸ್ತುತಿ. ಇಷ್ಟು ವರ್ಷ ಚಿಲ್ಲರೆಯಾಗಿದ್ದ ಹೂವು ಒಂದೇ ಸಂಜೆಯಲ್ಲಿ ಕಾಮಧೇನುವಾಯಿತು. ಇವಳು ಬೆಳಕು ಹರಿಯುವ ಮೊದಲೇ ಏಳುತ್ತಾಳೆ, ಮಳೆಯಲ್ಲಿ ಗೊರಬೆ ಹಾಕಿಕೊಂಡು ಮೊಗ್ಗು ಕೊಯ್ಯುತ್ತಾಳೆ, ಇವಳ ಕೈಗುಣ ಅಂಥದ್ದು ಎಂದೆಲ್ಲ ಹೇಳಿದರು. ಓಲೆಯಿಂದ ಹೆಣೆದ ಗೊರಬೆ ನನ್ನ ಅಜ್ಜಿಯ ಕಾಲದ್ದು. ನಾನು ಹಾಕುವುದು ಇವರ ಹಳೆಯ ರೈನ್‌ಕೋಟು. ಆದರೂ ಮದುವೆಯಾದ ಮೇಲೆ ಇಷ್ಟು ಹೊಗಳಿಕೆ ಒಟ್ಟಿಗೆ ಕೇಳಿದ್ದು ಅದೇ ಮೊದಲು, ಹಾಗಾಗಿ ಮಧ್ಯೆ ಬಾಯಿ ಹಾಕಲಿಲ್ಲ.

ವಿದ್ಯಾ ಮಾತ್ರ ತನ್ನ ಪ್ರಶ್ನೆ ಬಿಡಲಿಲ್ಲ. "ಅತ್ತೆ, ಗಿಡ ನೆಲದಲ್ಲಿ ಉಂಟಾ, ಚಟ್ಟಿಯಲ್ಲಿ ಉಂಟಾ?"

"ಟೆರೇಸಿನಲ್ಲಿ ನೆಲ ಎಲ್ಲಿಂದ ಬರಬೇಕು? ಚಟ್ಟಿಯಲ್ಲಿ."

"ಭೂಮಿಯಿಂದ ಬಂದ್ರೆ ಮಾತ್ರ ಕೃಷಿ ಆದಾಯ, ಅದಕ್ಕೆ ಟ್ಯಾಕ್ಸ್ ಇಲ್ಲ."

"ಚಟ್ಟಿಯೊಳಗೆ ಇರುವುದು ಎಂತ ಮತ್ತೆ? ಕಾಪುವಿನಿಂದ ತಂದ ಕೆಂಪು ಮಣ್ಣು. ಅದು ಭೂಮಿಯೇ ಅಲ್ವಾ?"

ವಿದ್ಯಾ ನಕ್ಕಳು. "ವಾದ ಮಾಡಬಹುದು. ಆದ್ರೆ ನಿಮಗೆ ಅದರ ಅಗತ್ಯವೇ ಇಲ್ಲ. ಹೂವನ್ನೂ ಬಡ್ಡಿಯನ್ನೂ ಸೇರಿಸಿದ್ರೂ ನೀವು ಗೆರೆಯ ಹತ್ತಿರ ಸಹ ಬರುವುದಿಲ್ಲ." ಸಮಾಧಾನಕ್ಕೆಂದು ಹೇಳಿದ್ದು. ಆದರೂ ನನಗೆ ಸ್ವಲ್ಪ ಅವಮಾನವಾದಂತಾಯಿತು.

"ಅಷ್ಟೇ ಅಲ್ವಾ? ಹಾಗಾದರೆ ಎಲ್ಲ ಅವಳದ್ದೆಂದೇ ಹಾಕು," ಎಂದರು ಇವರು. "ಯಾರು ನೋಡುತ್ತಾರೆ?"

ಇಬ್ಬರೂ ನನ್ನ ಮುಖ ನೋಡಿದರು. ಒಪ್ಪಬೇಕಾದವಳು ನಾನು. ಒಪ್ಪಿದರೆ ಇವರು ಗೆರೆಯ ಈಚೆಗೆ, ಬ್ಯಾಂಕಿನಲ್ಲಿರುವುದೆಲ್ಲ ನನ್ನದು, ಹೊಗಳಿಕೆಯೂ ನನ್ನದೇ. ಒಪ್ಪದಿದ್ದರೆ ಇವರ ಮುಖ ನಾಳೆಯಿಂದ ಆಟಿ ಕಳೆದು ಸೋಣ ತಿಂಗಳು ಮುಗಿಯುವ ತನಕ ಕೆಸುವಿನ ಎಲೆ. ದೇವರ ಕೋಣೆಯ ದೀಪ ಉರಿಯುತ್ತಿತ್ತು. ಬೆಳಿಗ್ಗೆ ನಾನೇ ಇಟ್ಟ ಮಲ್ಲಿಗೆ ಅಲ್ಲಿ ಬಾಡಿಕೊಂಡು ಕುಳಿತಿತ್ತು.

"ದಿನಾ ದೇವರಿಗೆ ಇಡುವ ಹೂವಿನ ಹೆಸರಿನಲ್ಲಿ ಸುಳ್ಳು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ," ಎಂದೆ. "ನನ್ನದು ಎಷ್ಟುಂಟೋ ಅಷ್ಟು ನನ್ನದು. ನಿಮ್ಮದು ನಿಮ್ಮದು."

"ಇಷ್ಟು ವರ್ಷ ಎಲ್ಲ ಒಟ್ಟಿಗಿತ್ತು. ಈಗ ನಿನ್ನದು ನನ್ನದು ಬೇರೆಯಾ?"

"ಬೇರೆ ಮಾಡಿದ್ದು ನಾನಲ್ಲ ಮಾರಾಯ್ರೇ, ಸರಕಾರ."

ವಿದ್ಯಾಗೆ ಒಳಗೊಳಗೆ ಖುಷಿಯಾಗಿರಬೇಕು. ಇನ್ನೊಂದು ಪತ್ರೊಡೆ ಹಾಕಿಸಿಕೊಂಡಳು. ಆಮೇಲೆ ಬೇರ್ಪಡಿಸುವ ಕೆಲಸ. ಸಾಂಬಾರಿಗೆ ಬಿದ್ದ ಬೇಳೆಯನ್ನೂ ನೀರನ್ನೂ ಬೇರೆ ಮಾಡಿದ ಹಾಗೆ. ಇತ್ತೀಚಿನ ವರ್ಷಗಳಲ್ಲಿ ಕಟ್ಟೆಯವರು ನೇರವಾಗಿ ಬ್ಯಾಂಕಿಗೇ ಹಾಕುತ್ತಾರೆ, ಅದು ಸುಲಭವಾಯಿತು. ಅದಕ್ಕಿಂತ ಹಿಂದಿನದಕ್ಕೆ ಹಳೆಯ ಪಾಸ್‌ಬುಕ್ ಮತ್ತು ನನ್ನ ನೆನಪು. ಇವರಿಗೆ ತಾವು ಹಾಕಿದ್ದು ಯಾವಾಗ ಎಂದೇ ನೆನಪಿಲ್ಲ. ನನಗೆ ಎಲ್ಲ ನೆನಪುಂಟು. ಕೃಷ್ಣನ ಮಠದ ಪರ್ಯಾಯ ಉತ್ಸವದ ಜನವರಿಯಲ್ಲಿ ಹೂವಿಗೆ ಎಂಥ ರೇಟು ಬಂದಿತ್ತು, ಯಾವ ಮಳೆಗಾಲದಲ್ಲಿ ರೋಗ ಬಂದು ಅರ್ಧ ಗಿಡ ಕಿತ್ತು ಹಾಕಿದ್ದು, ಅರಿಯರ್ಸ್ ಬಂದ ತಿಂಗಳು ಇವರು ಯಾವ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿ ತಂದದ್ದು, ಎಲ್ಲ. ವಿದ್ಯಾ ಪಾಸ್‌ಬುಕ್ ನೋಡಿ ನೋಡಿ "ಸರಿ ಉಂಟು ಅತ್ತೆ, ಸರಿ ಉಂಟು" ಎನ್ನುತ್ತಿದ್ದಳು.

ಮಳೆ ಬಿಡುವ ಹೊತ್ತಿಗೆ ಲೆಕ್ಕ ಮುಗಿಯಿತು. ಎಫ್‌ಡಿಯಲ್ಲಿ ಮುಕ್ಕಾಲು ಮಲ್ಲಿಗೆಯದ್ದು, ಕಾಲು ಇವರದ್ದು.

ಎಲ್ಲ ನಿನ್ನದು ಎಂದು ಸುಳ್ಳು ಹೇಳುವಾಗ ಇವರಿಗಿದ್ದ ಉತ್ಸಾಹ, ಮುಕ್ಕಾಲು ನಿನ್ನದು ಎಂಬ ನಿಜ ಗೊತ್ತಾದಾಗ ಇರಲಿಲ್ಲ. "ಮುಕ್ಕಾಲಾ?" ಎಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಆಗಲೂ ಮುಕ್ಕಾಲೇ ಇತ್ತು. "ಚಟ್ಟಿಗೆ ಮಣ್ಣು ಕಾಪುವಿನಿಂದ ಸ್ಕೂಟರಿನಲ್ಲಿ ತಂದದ್ದು ಯಾರು? ಪಂಪಿನ ಕರೆಂಟ್ ಬಿಲ್ ಕಟ್ಟಿದ್ದು ಯಾರು?"

"ಅದಕ್ಕೆ ಬೇರೆ ಕಾಲಂ ಇಲ್ಲ ಮಾವ," ಎಂದಳು ವಿದ್ಯಾ.

ಕಾಲು ಭಾಗದ ಬಡ್ಡಿ ಸೇರಿಸಿದ್ದಕ್ಕೆ ಇವರು ಗೆರೆಯನ್ನು ಒಂದು ಹೆಜ್ಜೆ ದಾಟಿದರು. ಕಟ್ಟಬೇಕಾದದ್ದು ಹೆದರಿದಷ್ಟೇನೂ ಇರಲಿಲ್ಲ, ಗೆರೆಯ ಅಂಚಿನಲ್ಲಿ ನಿಂತವರಿಗೆ ಸರಕಾರ ಸ್ವಲ್ಪ ರಿಯಾಯಿತಿ ಕೊಡುತ್ತದಂತೆ. ಅದೂ ಒಂದು ಪುಣ್ಯವೇ. ನಾಲ್ಕು ದಿನ ಮುಖ ಕೆಸುವಿನ ಎಲೆಯಾಗಿತ್ತು. ಐದನೆಯ ದಿನ ಬೆಳಿಗ್ಗೆ ನಾನು ಟೆರೇಸಿಗೆ ಹೋದಾಗ ಇವರು ಅಲ್ಲಿ ಚಟ್ಟಿಗಳ ನಡುವೆ ನಿಂತಿದ್ದರು. ಒಂದು ಗಿಡದ ಎಲೆ ಮಗುಚಿ ನೋಡುತ್ತಿದ್ದರು. "ಇದಕ್ಕೆ ಹುಳ ಬಂದಿದೆ, ನೋಡಿದ್ದೀಯಾ?" ಎಂದರು. ಇಷ್ಟು ವರ್ಷದಲ್ಲಿ ಅವರು ಮಲ್ಲಿಗೆಯ ಎಲೆಯನ್ನು ಮಗುಚಿ ನೋಡಿದ್ದು ನಾನು ಕಂಡಿರಲಿಲ್ಲ. ಚಿಲ್ಲರೆ ಎಂಬ ಮಾತು ಆಮೇಲೆ ಮನೆಯಲ್ಲಿ ಕೇಳಲಿಲ್ಲ.

ನನ್ನ ರಿಟರ್ನಿನಲ್ಲಿ ವಿದ್ಯಾ ಹೂವಿನದ್ದನ್ನೂ ತೋರಿಸಿದ್ದಾಳೆ. ಪಡಿತರ ಚೀಟಿಯಿಂದ ಮಕ್ಕಳ ಶಾಲೆಯ ಅರ್ಜಿಯವರೆಗೆ ತಾಯಿಯ ಉದ್ಯೋಗ ಎಂದಲ್ಲಿ ಗೃಹಿಣಿ, ಆದಾಯ ಎಂದಲ್ಲಿ ಒಂದು ಅಡ್ಡಗೆರೆ ಎಳೆದು ಅಭ್ಯಾಸವಾದವಳು ನಾನು. ಅಡ್ಡಗೆರೆಯ ಜಾಗದಲ್ಲಿ ಸಂಖ್ಯೆ ನೋಡಿದಾಗ, ಸುಳ್ಳು ಹೇಳಬಾರದು, ಕಣ್ಣು ಒದ್ದೆಯಾಯಿತು. ಕೆಸುವಿನ ಕೈ ತಾಗಿರಬೇಕು ಎಂದು ಇವರಿಗೆ ಹೇಳಿದೆ. ಕತ್ತರಿಸಿದ ಹಣವೂ ವಾಪಸ್ ಬಂತು. ಬಂದದ್ದು ನನ್ನ ಖಾತೆಗೆ, ಆದರೆ ಮೆಸೇಜು ಬಂದದ್ದು ಇವರ ಫೋನಿಗೆ. ಬ್ಯಾಂಕಿನಲ್ಲಿ ಕೊಟ್ಟ ನಂಬರು ಇನ್ನೂ ಬದಲಾಯಿಸಿಲ್ಲ.

ಮೊನ್ನೆ ನಾಗರ ಪಂಚಮಿಯ ಮುನ್ನಾದಿನ ಹೂವು ಕಟ್ಟುವಾಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಬೆಳೆದೆ, ಕಟ್ಟಿದೆ, ಮಾರಿದೆ, ಆದರೆ ರೇಟು ಇರುವ ದಿನ ಒಮ್ಮೆಯೂ ನಾನು ಮುಡಿದಿಲ್ಲ. ಮಲ್ಲಿಗೆ ಬೆಳೆಯುವ ಹೆಂಗಸರಿಗೆಲ್ಲ ಇದೊಂದು ಚಾಳಿ. ರೇಟು ಬಿದ್ದ ದಿನ ಜಡೆ ತುಂಬ, ರೇಟು ಏರಿದ ದಿನ ಬೋಳು ಜಡೆ. ಈಗ ನಾನು ಆದಾಯ ಇರುವ ಹೆಂಗಸು, ಸರಕಾರಕ್ಕೇ ಗೊತ್ತಿರುವವಳು. ಯಾರಿಗೆ ಹೆದರಬೇಕು? ದೇವರ ತುಂಡು ದೇವರಿಗೆ ಇಟ್ಟು, ಇನ್ನೊಂದು ತುಂಡು ಗತ್ತಿನಿಂದ ಮುಡಿದುಕೊಂಡೆ. ಕನ್ನಡಿಯಲ್ಲಿ ಚೆಂದವೇ ಕಂಡಿತು. "ಓಹೋ, ಯಜಮಾನ್ತಿ!" ಎಂದರು ಇವರು, ಬೂಟು ಹಾಕಿಕೊಳ್ಳುತ್ತಾ.

ಅಷ್ಟರಲ್ಲಿ ಕಟ್ಟೆಯಿಂದ ಆ ದಿನದ ರೇಟು ಬಂತು. ಕೇಳಿದರೆ ಆಕಾಶದಲ್ಲಿತ್ತು. ಆಮೇಲೆ ಮೆಲ್ಲನೆ ಜಡೆಯಿಂದ ತುಂಡು ಬಿಡಿಸಿದೆ. ಮುಡಿದ ಹೂವನ್ನು ಮಾರುವಂತಿಲ್ಲ ಎಂದು ಆಗ ನೆನಪಾಗಿ, ಯಾರೂ ನೋಡಲಿಲ್ಲ ಎಂದು ಖಚಿತ ಮಾಡಿಕೊಂಡು, ತಿರುಗಿ ಅಲ್ಲೇ ಸಿಕ್ಕಿಸಿಕೊಂಡೆ. ಹೊಟ್ಟೆ ಉರಿಯುತ್ತಲೇ ಇತ್ತು. ಆ ಉರಿಯಲ್ಲಿಯೇ ಒಳಗೆ ಹೋಗಿ, ಪಂಚಮಿಯ ಕಡುಬಿಗೆಂದು ತಂದಿಟ್ಟ ಅರಶಿನ ಎಲೆಗಳನ್ನು ಒಂದೊಂದಾಗಿ ಒರೆಸಲು ಕುಳಿತೆ.