ಎರಡು ಮಾತ್ರೆಯ ಗುರು

ಔಷಧಿಯ ವಿಷಯದಲ್ಲಿ ಈ ಬದರಿನಾಥನಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ! ಸುಮ್ಮನೆ ಕೊಚ್ಚಿಕೊಳ್ಳುತ್ತಿಲ್ಲ ಸ್ವಾಮಿ. ನನ್ನ ಸೋದರಮಾವನದು ಮೈಸೂರಿನ ಅಗ್ರಹಾರದಲ್ಲಿ ಮೆಡಿಕಲ್ ಶಾಪು. ಕಾಲೇಜಿನ ರಜೆಯಲ್ಲೆಲ್ಲ ಅಲ್ಲಿ ಕೂತು ಮಾತ್ರೆ ಕತ್ತರಿಸಿ ಕೊಟ್ಟವನು ನಾನು. ಆದ್ದರಿಂದ ೧೯೯೭ರ ಏಪ್ರಿಲ್‌ನಲ್ಲಿ, ಅಮೆರಿಕದ ಷಾರ್ಲೆಟ್‌ಗೆ ಬಂದು ಮೂರೇ ತಿಂಗಳಾಗಿದ್ದಾಗ, ಅಲ್ಲಿನ ಮರಗಳು ಊರಿಗೆಲ್ಲ ಪರಾಗವೆಂಬ ಅರಿಶಿನದ ಪುಡಿ ಎರಚಿ ನನ್ನ ಮೂಗನ್ನು ಸೀನಿನ ಕಾರ್ಖಾನೆ ಮಾಡಿದರೂ ನಾನು ಹೆದರಲಿಲ್ಲ.

ಹೆದರಿದವಳು ನನ್ನ ಹೆಂಡತಿ ನೀರಜಾ. ಅದಕ್ಕೆ ಕಾರಣವೂ ಇತ್ತು. ಎರಡು ಸಾವಿರನೇ ಇಸವಿ ಬಂದಾಗ ಬ್ಯಾಂಕಿನ ಕಂಪ್ಯೂಟರು ಗಾಬರಿಯಾಗಿ ೧೯೦೦ಕ್ಕೆ ಓಡಿಹೋಗದಂತೆ ನಾನು ರಿಪೇರಿ ಮಾಡುತ್ತಿದ್ದೆ. ಗುರುವಾರ ಹತ್ತು ಗಂಟೆಗೆ ಅದರ ಡೆಮೊ. ನೋಡಲು ಅಟ್ಲಾಂಟಾದಿಂದ ಮೂವರು ದೊಡ್ಡ ಅಧಿಕಾರಿಗಳು ಬರುವವರಿದ್ದರು. ಅವರು ಒಪ್ಪಿದರೆ ಕಾಂಟ್ರ್ಯಾಕ್ಟ್ ಇನ್ನೊಂದು ವರ್ಷ. ಒಪ್ಪದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮೈಸೂರು!

"ರೀ, ಹೀಗೇ ಸೀನ್ತಾ ಇದ್ರೆ ಅವ್ರು ಬ್ಲೆಸ್ ಯೂ ಅನ್ನೋದ್ರಲ್ಲೇ ಡೆಮೊ ಮುಗಿದೋಗುತ್ತೆ. ಮೊದ್ಲು ಡಾಕ್ಟ್ರಿಗೆ ತೋರಿಸಿ," ಎಂದಳು.

ಬುಧವಾರ ಸಂಜೆ ಡಾಕ್ಟರು ನನ್ನ ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, ಬೀರುವಿನಿಂದ ಒಂದು ಪುಕ್ಕಟೆ ಸ್ಯಾಂಪಲ್ ಡಬ್ಬಿ ತೆಗೆದುಕೊಟ್ಟರು. ಡಬ್ಬಿಯ ಮೇಲೆ ಹೂವು, ಚಿಟ್ಟೆ, ದೊಡ್ಡ ಕಂಪನಿಯ ಪುಟ್ಟ ಹೆಸರು. ಜೊತೆಗೊಂದು ಚೀಟಿ ಬರೆದು ಏನೋ ವಿವರಿಸಿದರು. ಅವರು ವಿವರಿಸುವಾಗ ನಾನು ಸೀನುತ್ತಿದ್ದೆ.

ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದೆ. ಕೌಂಟರಿನ ಹೆಂಗಸು ಕೇಳಿದಳು: "ಈಸ್ ಜೆನೆರಿಕ್ ಓಕೆ?"

ಜೆನೆರಿಕ್! ತಕ್ಷಣ ನನಗೆ ಎಲ್ಲವೂ ಹೊಳೆದುಹೋಯಿತು. ಸೀನಿ ಸೀನಿ ನನಗೆ ಜನರಲ್ ವೀಕ್‌ನೆಸ್ ಬಂದಿದೆ. ಅದಕ್ಕೆ ಡಾಕ್ಟರು ಬಿ ಕಾಂಪ್ಲೆಕ್ಸ್ ಬರೆದಿದ್ದಾರೆ! ನಮ್ಮ ಮಾವನ ಅಂಗಡಿಗೆ ಬರುತ್ತಿದ್ದ ಚೀಟಿಗಳಲ್ಲಿ ಕಾಯಿಲೆ ಯಾವುದೇ ಇರಲಿ, ಕೊನೆಯ ಸಾಲು ಬಿ ಕಾಂಪ್ಲೆಕ್ಸ್‌ಗೇ ಮೀಸಲು. "ವೆರಿ ಓಕೆ!" ಎಂದೆ.

"ಕೌನ್ಸೆಲಿಂಗ್ ಬೇಕಾ?" ಎಂದು ಮತ್ತೆ ಕೇಳಿದಳು. ನನಗೆ ರೇಗಿತು. ಬೇಡವೆಂದು ಅವಳು ತೋರಿಸಿದ ಜಾಗದಲ್ಲಿ ದಪ್ಪಗೆ ಸಹಿ ಹಾಕಿ ಮನೆಗೆ ಬಂದೆ.

"ನಂಗೆ ಕೌನ್ಸೆಲಿಂಗ್ ಬೇಕಾ ಅಂತಾಳೆ ಕಣೇ!"

"ಪರವಾಗಿಲ್ವೇ! ನನಗೆ ಗೊತ್ತಾಗೋಕೆ ಆರು ವರ್ಷ ಬೇಕಾಯ್ತು, ಅವಳಿಗೆ ಒಂದೇ ನೋಟಕ್ಕೆ ಗೊತ್ತಾಗೋಯ್ತಲ್ಲ!" ಎನ್ನುತ್ತಾ ನೀರಜಾ ಅಂಗಡಿಯವಳು ಕೊಟ್ಟ ಮಾತ್ರೆಯ ಶೀಶೆ ಕೈಗೆತ್ತಿಕೊಂಡಳು. "ಇದೇನ್ರೀ, ಇಷ್ಟುದ್ದ ಹೆಸರು?"

"ಕೊನೇಲಿ ನೋಡು, ಹೈಡ್ರೋಕ್ಲೋರೈಡ್! ನಮ್ಮೂರಲ್ಲಿ ಬಿ ಕಾಂಪ್ಲೆಕ್ಸ್ ಹಾಳೆ ಹಿಂದೆ ಇದೇ ತಾನೆ ಇರೋದು?"

"ಮತ್ತೆ ಈ ಕಣ್ಣಿನ ಚಿತ್ರ?"

ಶೀಶೆಯ ಮೇಲೆ ಅರ್ಧ ಮುಚ್ಚಿದ ಕಣ್ಣಿನ ಸ್ಟಿಕರು ಅಂಟಿಸಿದ್ದರು. "ವಿಟಮಿನ್ ಅಲ್ವಾ, ಕಣ್ಣಿಗೂ ಒಳ್ಳೇದು ಅಂತ!" ಎಂದೆ.

"ಯಾವುದಕ್ಕೂ ಅಂಗಡಿಗೆ ಒಂದು ಫೋನ್ ಮಾಡಿ."

"ನಂಗೇ ಹೇಳ್ತೀಯಾ?"

ಗುರುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, ಸೀನಿಗೆ ಡಬ್ಬಿಯದೊಂದು, ಶಕ್ತಿಗೆ ಶೀಶೆಯದೊಂದು ಎಂದು ಎರಡನ್ನೂ ನುಂಗಿದೆ. ಸೀನು ಮಾಯ! ಪಕ್ಕದ ಮೇಜಿನ ಸಹೋದ್ಯೋಗಿ, ಶಿವಾಜಿನಗರದ ಸೊಹೈಲ್, ಎಂದಿನಂತೆ ತನ್ನ ಕಾರಿನಲ್ಲಿ ಕರೆದೊಯ್ದ. ಡೆಮೊದಲ್ಲಿ ಮಾತು ನನ್ನದು, ಕೀಬೋರ್ಡು ಅವನದು ಎಂದು ಒಪ್ಪಂದವಾಗಿತ್ತು. ಒಂದು ಮಾತ್ರೆಯಾದರೆ ಲಘು, ಎರಡು ಮಾತ್ರೆಯಾದರೆ ಗುರು ಎಂದು ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಛಂದಸ್ಸು ಕಾರಿನಲ್ಲೇ ಅನುಭವಕ್ಕೆ ಬರತೊಡಗಿತು. ಮೊದಲು ರೆಪ್ಪೆ ಗುರುವಾಯಿತು. ಆಮೇಲೆ ತಲೆ ಗುರುವಾಯಿತು. ಮೀಟಿಂಗ್ ರೂಮು ಮುಟ್ಟುವಷ್ಟರಲ್ಲಿ ನಾನೇ ಆಪಾದಮಸ್ತಕ ಗುರುವಾಗಿದ್ದೆ! ಅತಿಥಿಗಳು ಬರಲು ಇನ್ನೂ ಐದು ನಿಮಿಷವಿತ್ತು. ಮೂಲೆಯ ಕುರ್ಚಿಯಲ್ಲಿ ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದೆ.

ತೆರೆದಾಗ ರೂಮು ಖಾಲಿ. ಸೊಹೈಲ್ ಒಬ್ಬನೇ ಕೂತು ಡೋನಟ್ ತಿನ್ನುತ್ತಿದ್ದ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ವೀಸಾ, ನೀರಜಾ, ಮೈಸೂರು ಎಲ್ಲವೂ ಕಣ್ಣ ಮುಂದೆ ಗಿರ್ರನೆ ತಿರುಗಿ ಅಳುವೇ ಬಂತು.

"ಮುಗೀತಾ ಸೊಹೈಲ್?"

"ಮುಗೀತು ಬದರಿ ಸಾರ್. ಡೆಮೊ ಸೂಪರ್. ನಿಮ್ ಕಾಂಟ್ರ್ಯಾಕ್ಟ್ ಒಂದ್ ವರ್ಷ ಎಕ್ಸ್‌ಟೆಂಡ್ ಮಾಡಿದ್ರು."

"ಯಾರಪ್ಪಾ ಮಾತಾಡಿದ್ದು?"

"ನೀವೇ."

"ನಾನಾ?"

"ಅವ್ರ ಲೆಕ್ಕದಲ್ಲಿ! ನೀವ್ ಏಳ್ಲಿಲ್ಲ, ನಾನೇ ಎದ್ದು ನಿಂತು ಶುರು ಮಾಡ್ಬಿಟ್ಟೆ. ಹೋಗೋವಾಗ ಮೂರೂ ಜನ ಕೈ ಕುಲುಕಿ, ಗ್ರೇಟ್ ಜಾಬ್ ಬಡ್ರಿ ಅಂದ್ರು. ನಾನೂ ಥ್ಯಾಂಕ್ಯೂ ಅಂದೆ."

"ಮತ್ತೆ ನಾನು ಯಾರು ಅಂದ್ಕೊಂಡ್ರು?"

"ಸೊಹೈಲ್ ಅಂತ. ಪಾಪ, ತುಂಬಾ ದುಡಿದಿದ್ದಾನೆ, ಎಬ್ಬಿಸ್ಬೇಡಿ ಅಂದ್ರು!"

ಅವನು ಆರಡಿ, ನಾನು ಐದೂಕಾಲು. ಅವನಿಗೆ ಗಡ್ಡ, ನನಗೆ ಬೊಕ್ಕತಲೆ!

ಮನೆಗೆ ಬಂದವನೇ, ಜಂಭ ಬಿಟ್ಟು, ಅಂಗಡಿಗೆ ಫೋನ್ ಮಾಡಿದೆ. ಫಾರ್ಮಸಿಸ್ಟ್ ಅಮ್ಮ ಶಾಂತವಾಗಿ ಕೌನ್ಸೆಲಿಂಗ್ ಮಾಡಿದಳು. ಚೀಟಿಯ ಕೆಳಗೆ ಎರಡು ಗೆರೆ ಇರುತ್ತವಂತೆ. ಡಾಕ್ಟರು ಒಂದರ ಮೇಲೆ ಸಹಿ ಹಾಕಿದರೆ ಬರೆದ ಕಂಪನಿಯ ಮಾತ್ರೆಯನ್ನೇ ಕೊಡಬೇಕು. ಇನ್ನೊಂದರ ಮೇಲೆ ಹಾಕಿದರೆ ಅದೇ ಔಷಧಿಯನ್ನು ರಾಸಾಯನಿಕ ಹೆಸರಿನಲ್ಲಿ, ಅಗ್ಗದಲ್ಲಿ, ಯಾವ ಕಂಪನಿಯದಾದರೂ ಕೊಡಬಹುದು; ಅದೇ ಜೆನೆರಿಕ್. ಸ್ಯಾಂಪಲ್ ಮುಗಿದ ಮೇಲೆ ನುಂಗಲೆಂದು ಡಾಕ್ಟರು ಬರೆದದ್ದು ಅದೇ ಮಾತ್ರೆ; ನಾನು ನುಂಗಿದ್ದು ಒಂದನ್ನೇ ಎರಡು ಸಲ! ಆ ಕಣ್ಣಿನ ಚಿತ್ರ ನಿದ್ದೆ ಬರುತ್ತದೆ ಎನ್ನುವುದಕ್ಕೆ. ಇವತ್ತಿಗೆ ಇನ್ನು ಮಾತ್ರೆ ಮುಟ್ಟಬೇಡಿ ಎಂದಳು.

ಎಲ್ಲವನ್ನೂ ನೀರಜಾಗೆ ಒಪ್ಪಿಸಿದೆ. ಕಾಂಟ್ರ್ಯಾಕ್ಟ್ ಉಳಿದದ್ದಕ್ಕೆ ಅವಳು ದೇವರಿಗೆ ಕೈ ಮುಗಿದಳು. ಆದರೆ ನನ್ನ ಹೊಟ್ಟೆಯುರಿ ಆರಲಿಲ್ಲ.

"ಅಲ್ವೇ, ಬಡ್ರಿ ಅಂತ ಅವನ ಕೈ ಕುಲುಕಿದ್ರಂತೆ! ನಮ್ಮಿಬ್ಬರಲ್ಲಿ ಯಾರು ಯಾರು ಅನ್ನೋದೂ ಗೊತ್ತಾಗ್ಲಿಲ್ವಾ ಅವ್ರಿಗೆ?"

ನೀರಜಾ ನನ್ನ ತಲೆಯ ಕೆಳಗೆ ದಿಂಬು ಸರಿಸುತ್ತಾ ಹೇಳಿದಳು:

"ಅವ್ರು ಯಾಕ್ರೀ ತಲೆ ಕೆಡಿಸ್ಕೋತಾರೆ? ಬ್ಯಾಂಕಿನ ಚೀಟೀಲಿ ನೀವೂ ಜೆನೆರಿಕ್ಕೇ!"