ಮೂವತ್ತೆರಡು ಸುತ್ತಿನ ಮೌನ

ನೆನಪು ತುಂಬಾ ಚೆನ್ನಾಗಿರುವವರನ್ನು ಕಂಡರೆ ನನಗೆ ಅನುಮಾನ. ಇಪ್ಪತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು, ಯಾವ ಪಂಕ್ತಿಗೆ ಹೋಳಿಗೆ ಸಾಲಲಿಲ್ಲ ಎಂದೆಲ್ಲ ಹೇಳುವವರು ಒಂದೋ ಕಥೆ ಕಟ್ಟುತ್ತಿರಬೇಕು, ಇಲ್ಲವೇ ಆ ದಿನ ಊಟದ ಕಡೆ ಗಮನ ಕೊಟ್ಟಿರಲಿಕ್ಕಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ನಾನು ಕಲಿತದ್ದು, ಯಾವುದನ್ನೂ ಪೂರ್ತಿ ನಂಬಬಾರದು ಎಂಬುದನ್ನು. ಬೇರೆ ಏನಾದರೂ ಕಲಿತೆನೋ ಇಲ್ಲವೋ ನೆನಪಿಲ್ಲ. ಐವತ್ತು ದಾಟಿದ ಮೇಲೆ ಈ ಅನುಮಾನ ಊರನ್ನೆಲ್ಲ ಸುತ್ತಿ ಕೊನೆಗೆ ನನ್ನ ತಲೆಯೊಳಗೇ ಬಂದು ಕೂತಿದೆ. ಹೋದ ತಿಂಗಳು ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಾ ತಿಪಟೂರಿನಲ್ಲಿ ಇಳಿಯುವ ಬದಲು ಅರಸೀಕೆರೆಯಲ್ಲಿ ಇಳಿದೆ. ಹೆಂಡತಿ ವಿಮಲಾ, "ನಿದ್ದೆ ಬಂದಿತ್ತಾ, ಇಳಿಯೋದೇ ಮರೆತ್ರಾ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ಎರಡರಲ್ಲಿ ಯಾವುದೆಂದು ನೆನಪಿಗೆ ಬರಲಿಲ್ಲ. ಅವಳು ಮುಂದೆ ಏನೂ ಕೇಳಲಿಲ್ಲ. ಅವಳು ಏನೂ ಕೇಳದಿದ್ದರೆ ನನಗೆ ಹೆಚ್ಚು ಭಯ.

ಬೆಂಗಳೂರಿಗೆ ನಾನು ಹೋಗುವುದು ಅಲ್ಲಿನ ಒಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾದಲ್ಲಿ ನುಡಿಸುವುದಕ್ಕೆ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ಮುಂದೆ ಹಾಡುವ ಸಿನಿಮಾ ಹಾಡು. ಹಾಗಾಗಿ ಹನ್ನೆರಡು ವರ್ಷದಿಂದ ಜನ ನನ್ನನ್ನು, "ಹೊಸ ಪಿಚ್ಚರ್‌ದು ಯಾವ್ದು ಕಲಿತ್ರಿ ಸಾರ್?" ಎಂದು ವಿಚಾರಿಸಿಕೊಳ್ಳುತ್ತಾರೆ. ನಾನು ನುಡಿಸುವುದು ವಯೋಲಾ. ನೋಡುವುದಕ್ಕೆ ಪಿಟೀಲೇ, ಆದರೆ ಮೈ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ಅದಕ್ಕೆ ರಾಗ ಸಿಗುವುದು ಅಪರೂಪ. ರಾಗವನ್ನು ಪಿಟೀಲಿನವರೂ ಕೊಳಲಿನವರೂ ಹಂಚಿಕೊಂಡು ಉಂಡ ಮೇಲೆ ಉಳಿದದ್ದನ್ನು ನಾವು ಬಳಿದುಕೊಳ್ಳುತ್ತೇವೆ.

ಹೀಗೆ ಸಾಗುತ್ತಿದ್ದಾಗ ನಮ್ಮ ನಿರ್ದೇಶಕರಿಗೆ ಒಂದು ಯೋಚನೆ ಹೊಳೆಯಿತು. ಸಭಾಂಗಣಕ್ಕೆ ಬರುವವರು ಅದೇ ನೂರು ಜನ. ಇನ್ನು ಮುಂದೆ ನಾವೇ ಮನೆಗಳಿಗೆ ಹೋಗೋಣ, ಒಬ್ಬೊಬ್ಬ ವಾದಕರೂ ತಮ್ಮೂರಿನ ಒಂದು ಮನೆಯಲ್ಲಿ ಕುಟುಂಬದವರನ್ನೆಲ್ಲ ಕೂರಿಸಿಕೊಂಡು ಒಂದು ತುಣುಕು ನುಡಿಸಿ, ವಿಡಿಯೋ ಕಳಿಸಲಿ ಎಂದರು. ಒಂದು ಷರತ್ತೂ ಇತ್ತು. ಸ್ವರ ಬರೆದ ಕಾಗದ ನೋಡಬಾರದು. ಕೇಳುವವರ ಕಣ್ಣು ನೋಡಿ ನುಡಿಸಬೇಕು. ಕಾಗದ ನೋಡದೆ ನಾನು ನನ್ನ ಫೋನ್ ನಂಬರನ್ನೇ ಹೇಳಲಾರೆ. ಆದರೂ ಪರೀಕ್ಷೆ ಆಗಿಬಿಡಲಿ ಎನ್ನಿಸಿತು. ಇದನ್ನು ಬಾಯಿಪಾಠ ಮಾಡಿ ಒಪ್ಪಿಸಿಬಿಟ್ಟರೆ ತಲೆ ನೆಟ್ಟಗಿದೆ ಎಂದು ವಿಮಲಾಗೂ ಗೊತ್ತಾಗುತ್ತದೆ, ನನಗೂ ಗೊತ್ತಾಗುತ್ತದೆ. ಮೂರು ವಾರ ಅಭ್ಯಾಸ ಮಾಡಿ, ಒಂದು ಭಾನುವಾರ ಬೆಳಿಗ್ಗೆ ನಾನೂ ವಿಮಲಾಳೂ ಬಿಳಿಗೆರೆಯ ಮಾವನ ಮನೆಗೆ ವಯೋಲಾ ಹೊತ್ತುಕೊಂಡು ಹೋದೆವು.

ಮಾವ ತೀರಿಕೊಂಡು ಬಹಳ ಕಾಲವಾಯಿತು. ಮನೆಯನ್ನೂ ತೋಟವನ್ನೂ ಅತ್ತೆ ಗೌರಮ್ಮನವರೂ ವಿಮಲಾಳ ತಮ್ಮ ಚಂದ್ರುವೂ ನೋಡಿಕೊಳ್ಳುತ್ತಾರೆ. ನಾವು ಹೋದಾಗ ಅತ್ತೆ ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಇನ್ನೂ ಹಸಿಯಿದ್ದರೆ ಮತ್ತೆ ಅಟ್ಟಕ್ಕೆ. ಚಂದ್ರು ಫೋನ್ ಹಿಡಿದು ವಿಡಿಯೋಕ್ಕೆ ಸಿದ್ಧನಾದ. ಅತ್ತೆ ಕೈ ತೊಳೆದುಕೊಂಡು ಬಂದು, ಸೆರಗು ಸರಿಮಾಡಿಕೊಂಡು, ಸತ್ಯನಾರಾಯಣ ಪೂಜೆಗೆ ಕೂತಂತೆ ಕೂತರು.

ನಾನು ಆರಿಸಿಕೊಂಡದ್ದು ಯುರೋಪಿನ ಒಂದು ಕುಣಿತದ ತುಣುಕು. ತಾಳದ ಮೂರು ಪೆಟ್ಟು ಸೇರಿದರೆ ಒಂದು ಸುತ್ತು. ಮೊದಲ ಪೆಟ್ಟು, ಮಂಚದಷ್ಟು ದೊಡ್ಡ ಪಿಟೀಲನ್ನು ನಿಂತು ನುಡಿಸುವವರದ್ದು. ಎರಡು ಮತ್ತು ಮೂರು ನನ್ನದು. ಇಡೀ ಗುಂಪಿನ ನಡುವೆ ಅದು ಎಷ್ಟು ಸೊಗಸೋ, ಬಿಳಿಗೆರೆಯ ಹಜಾರದಲ್ಲಿ ಒಂಟಿಯಾಗಿ ಅಷ್ಟೇ ವಿಚಿತ್ರ. ಮೊದಲ ಪೆಟ್ಟಿಗೆ ಏನೂ ಇಲ್ಲ, ಆಮೇಲೆ ಚಕ್ ಚಕ್. ಮತ್ತೆ ಏನೂ ಇಲ್ಲ, ಚಕ್ ಚಕ್. ಚಂದ್ರು ಫೋನಿನ ಹಿಂದಿನಿಂದಲೇ, "ಭಾವ, ಬೋರ್‌ನಲ್ಲಿ ನೀರಿಲ್ದೆ ಮೋಟ್ರು ಬರೀ ಗಾಳಿ ಎಳ್ದಂಗೈತೆ" ಎಂದ. ವಿಮಲಾ ಅವನ ಮಂಡಿಗೆ ತಿವಿದಳು. ನಾನು ಲೆಕ್ಕಿಸದೆ ಮುಂದುವರಿದೆ. ಒಂದು ಸ್ವರವನ್ನೂ ಬಿಡಲಿಲ್ಲ. ಆಮೇಲೆ ಬಂತು ನೋಡಿ, ಕೊಳಲಿನವರ ಜಾಗ. ಅಲ್ಲಿ ವಯೋಲಾಕ್ಕೆ ಮೂವತ್ತೆರಡು ಸುತ್ತು ವಿರಾಮ. ಬುದ್ಧಿಯಿರುವ ಯಾರಾದರೂ ಅದನ್ನು ಹಾರಿಸಿ ಮುಂದಿನ ಭಾಗಕ್ಕೆ ಹೋಗುತ್ತಿದ್ದರು. ಆದರೆ ಆರ್ಕೆಸ್ಟ್ರಾದವರಿಗೆ ವಿರಾಮವೂ ಕಾಗದದಲ್ಲಿ ಬರೆದಿರುವ ಸಂಗೀತವೇ. ನಾನು ಕಮಾನು ಇಳಿಸಿ, ಕಣ್ಣು ಮುಚ್ಚಿ, ಶ್ರದ್ಧೆಯಿಂದ ಎಣಿಸತೊಡಗಿದೆ.

ಎಂಟನೆಯ ಸುತ್ತಿನ ಹೊತ್ತಿಗೆ ಅತ್ತೆಯ ಪಿಸುಮಾತು ಕೇಳಿಸಿತು: "ವಿಮ್ಲಾ, ಮರ್ತೋಯ್ತೇನೇ?" ಹನ್ನೆರಡಕ್ಕೆ ವಿಮಲಾ, "ರೀ..." ಎಂದಳು. ನಾನು ತಲೆಯಾಡಿಸಿದೆ. ಹದಿನೇಳಕ್ಕೋ ಹತ್ತೊಂಬತ್ತಕ್ಕೋ ಕಣ್ಣು ಬಿಟ್ಟರೆ ಮೂಗಿನ ಮುಂದೆ ಮಜ್ಜಿಗೆಯ ಲೋಟ.

"ಕುಡೀರಿ ಅಳಿಯಂದ್ರೇ. ಏನೂ ಆಗಕಿಲ್ಲ. ತಂಪಾದ್ರೆ ನೆಪ್ಪಿಗೆ ಬತ್ತದೆ."

ನಾನು ಮತ್ತೆ ತಲೆಯಾಡಿಸಿದೆ. ಅವರು ಮಗಳ ಕಡೆ ತಿರುಗಿ, "ನನ್ ಗುರ್ತೂ ಸಿಕ್ಕಾಕಿಲ್ವಲ್ಲೇ!" ಎಂದರು. ಅಷ್ಟರಲ್ಲಿ ಎಣಿಕೆ ಕೈಬಿಟ್ಟಿತ್ತು. ಎಲ್ಲೋ ಒಂದು ಕಡೆ ಧೈರ್ಯ ಮಾಡಿ ಶುರುಮಾಡಿ, ಹೇಗೋ ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ವಿಮಲಾಳ ಕಣ್ಣು ಒದ್ದೆಯಾಗಿತ್ತು. "ನಾಳೆ ಬಿಟ್ಟು ಬರೋ ಸೋಮವಾರ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬರೋಣ" ಎಂದಳು.

"ನಾನು ಏನೂ ಮರೆತಿಲ್ಲ ಕಣೇ, ಅಲ್ಲಿ ಸುಮ್ಮನೆ ನಿಲ್ಲಬೇಕು ಅಂತಲೇ ಬರೆದಿದೆ" ಎಂದರೆ ಯಾರು ನಂಬುತ್ತಾರೆ? ಚಂದ್ರು, "ನಿಂತ್ಕಳಾದು ಕಲಿಯಾಕೆ ಹನ್ನೆರಡು ವರ್ಷ ಬೇಕಾಯ್ತಾ ಭಾವ?" ಎಂದ. ಬೇರೆ ದಾರಿ ಕಾಣದೆ ವಿಮಲಾಳ ಫೋನಿನಲ್ಲಿ ಯಾವುದೋ ದೇಶದ ಆರ್ಕೆಸ್ಟ್ರಾ ನುಡಿಸಿದ ಅದೇ ತುಣುಕನ್ನು ಹಾಕಿಸಿ, ಅದರ ಜೊತೆಗೇ ನುಡಿಸಿದೆ. ಈಗ ಮೊದಲ ಪೆಟ್ಟು ಫೋನಿನಿಂದ ಬಂತು, ಚಕ್ ಚಕ್ ನನ್ನಿಂದ. ವಿರಾಮ ಬಂದಾಗ ನಾನು ನಿಂತೆ, ಕೊಳಲು ಹಾಡಿತು. ಅತ್ತೆಯ ಮುಖ ಅರಳಿತು.

"ಓಹೋ! ಅವ್ರು ಮಾತಾಡ್ವಾಗ ನೀವು ಸುಮ್ಕಿರ್ಬೇಕು, ಅಲ್ವರಾ?"

"ಹೌದು ಅತ್ತೆ."

"ಅಂಗಾರೆ ಹೆಣ್ಣು ನೋಡಾಕ್ ಬಂದ ಮನೇಲಿ ಗಂಡಿನ ಚಿಕ್ಕಪ್ಪ ಇದ್ದಂಗೆ ಬುಡಿ. ಎಲ್ಲಾರೂ ಮಾತಾಡಿದ್ಮೇಲೆ ಹೌದೌದು ಅನ್ನಾದು."

ವಯೋಲಾದ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಎಲ್ಲೂ ಓದಿಲ್ಲ. ಆಮೇಲೆ ಅವರು ಫೋನನ್ನು ಕಿವಿಗೆ ಹತ್ತಿರ ಹಿಡಿದು, ನಾನು ನುಡಿಸದೆ ಒಂದು ಸಲ, ನುಡಿಸಿದಾಗ ಒಂದು ಸಲ ಕೇಳಿಸಿಕೊಂಡರು. "ನೀವಿಲ್ದಿದ್ರೆ ಹಸಿಕಾಯಿ ಅಲ್ಲಾಡ್ಸಿದಂಗೈತೆ. ನೀವ್ ಸೇರ್ಕಂಡ್ರೆ ಗಟ್ಟಿಯಾಗ್ತದೆ" ಎಂದು ತೀರ್ಪು ಕೊಟ್ಟರು. ಫೋನಿನೊಳಗೆ ಮೊದಲೇ ಹತ್ತಾರು ವಯೋಲಾ ಇದ್ದವು ಎಂಬ ಸತ್ಯವನ್ನು, ತತ್ವಶಾಸ್ತ್ರ ಓದಿದ್ದರೂ, ನಾನು ಹೇಳಲಿಲ್ಲ. ವಿಮಲಾ ಕಣ್ಣೊರೆಸಿಕೊಂಡು ನಕ್ಕಳು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅತ್ತೆ, "ಆದ್ರೆ ಬೇಜಾರ್ ಮಾಡ್ಕಬ್ಯಾಡಿ ಅಳಿಯಂದ್ರೇ, ಎಲ್ಡು ಸಲಾನೂ ಆ ಕೊಳಲು ಮುಗಿಯಾಕ್ ಮುಂಚೇನೇ ಬಂದ್ಬುಟ್ರಲ್ಲ?" ಎಂದರು.

ಚಂದ್ರು ಹಿಡಿಯುತ್ತಲೇ ಇದ್ದ ವಿಡಿಯೋ ನೋಡಿದೆವು. ನಿಜ. ಒಂದು ಸಲ ಎರಡು ಸುತ್ತು ಮುಂಚೆ, ಇನ್ನೊಂದು ಸಲ ಮೂರು. ವಿಮಲಾಳ ನಗು ನಿಂತಿತು. ಸೋಮವಾರದ ಪ್ರಯಾಣ ಖಾಯಂ ಆಯಿತು.

ವಾರವೆಲ್ಲ ನನಗೆ ಅದೇ ಯೋಚನೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ತಪ್ಪದ್ದು ಮನೆಯಲ್ಲಿ ಹೇಗೆ ತಪ್ಪಿತು? ಗುರುವಾರ ಸ್ನಾನ ಮಾಡುವಾಗ ಉತ್ತರ ಹೊಳೆಯಿತು. ಬೆಂಗಳೂರಿನಲ್ಲಿ ನಾನು ಎಂದೂ ಎಣಿಸಿಯೇ ಇರಲಿಲ್ಲ! ಹತ್ತರವರೆಗೆ ಎಣಿಸಿ, ಆಮೇಲೆ ರೈಲಿನ ಹೊತ್ತು ಯೋಚಿಸುತ್ತಾ ಕೂರುತ್ತಿದ್ದೆ. ಪಕ್ಕದ ಕುರ್ಚಿಯ ಡಿಸೋಜ ಮೇಡಂ ಕಮಾನು ಎತ್ತಿದರೆ ನಾನೂ ಎತ್ತುತ್ತಿದ್ದೆ. ಮಂಗಳೂರಿನ ಕಡೆಯವರು, ಬಹಳ ಶಿಸ್ತಿನ ಹೆಂಗಸು. ನಮ್ಮ ಹಿಂದೆ ಕೂರುವ ನಾಲ್ವರು ನಮ್ಮಿಬ್ಬರನ್ನು ನೋಡಿ ಎತ್ತುತ್ತಾರೆ. ಅಂದರೆ ಇದು ಮರೆವಿನ ರೋಗವಲ್ಲ. ಮರೆಯಬೇಕಾದರೆ ಮೊದಲು ಎಣಿಸಿರಬೇಕಲ್ಲ!

ಶನಿವಾರ ಅಭ್ಯಾಸಕ್ಕೆ ಹೋದಾಗ ಇದನ್ನು ಖಚಿತಪಡಿಸಿಕೊಳ್ಳಲು ನಿರ್ಧರಿಸಿದೆ. ವಿರಾಮ ಬಂದದ್ದೇ, ಅಲುಗಾಡದೆ, ಉಸಿರು ಬಿಗಿಹಿಡಿದು ಮೇಡಮ್ಮಿನ ಕಮಾನನ್ನೇ ನೋಡುತ್ತಾ ಕೂತೆ. ಕೊಳಲು ಹಾಡಿತು, ಇಳಿಯಿತು, ಮುಗಿಯಿತು. ಕಮಾನು ಮೇಲೇಳಲಿಲ್ಲ. ಹಿಂದಿನ ನಾಲ್ವರೂ ಎತ್ತಲಿಲ್ಲ. ದೊಡ್ಡ ಪಿಟೀಲೊಂದೇ ಒಂದು, ಒಂದು, ಒಂದು ಎನ್ನುತ್ತಿತ್ತು. ನಿರ್ದೇಶಕರು ಕೈ ಇಳಿಸಿ, "ವಯೋಲಾದವರು ಎಲ್ಲರೂ ಊರಿಗೆ ಹೋಗಿದ್ದೀರಾ?" ಎಂದರು.

ಚಹಾದ ಹೊತ್ತಿನಲ್ಲಿ ಮೇಡಂ ನನ್ನನ್ನು ಮೂಲೆಗೆ ಕರೆದು, "ಎಂತ ಮಾರಾಯ್ರೇ ನೀವು, ಇವತ್ತು ಕಲ್ಲಿನ ಹಾಗೆ ಕೂತದ್ದು ಯಾಕೆ?" ಎಂದರು.

"ನಿಮ್ಮನ್ನೇ ನೋಡ್ತಿದ್ದೆ ಮೇಡಂ."

"ನನ್ನನ್ನಾ? ಕೊಳಲು ಮುಗಿಯುವಾಗ ನೀವು ಕೂತಲ್ಲಿ ಮಿಸುಕಾಡುವುದುಂಟಲ್ಲ, ಅದನ್ನು ನೋಡಿಯೇ ನಾನು ಎತ್ತುವುದು. ಹನ್ನೆರಡು ವರ್ಷದಿಂದ ಎಣಿಸಿದವಳೇ ಅಲ್ಲ ನಾನು!"

ಇದನ್ನೆಲ್ಲ ಊರಿಗೆ ಬಂದು ವಿವರವಾಗಿ ಹೇಳಿದರೂ ವಿಮಲಾ, "ಆಯ್ತು, ಅದನ್ನೇ ಡಾಕ್ಟರಿಗೂ ಹೇಳಿ" ಎಂದಳು. ಸೋಮವಾರ ತುಮಕೂರಿನಲ್ಲಿ ಟೋಕನ್ ಕೊಟ್ಟು ಕೂರಿಸಿದರು. ಒಳಗಿನಿಂದ ನಂಬರು ಕೂಗುತ್ತಿದ್ದರು. ಅವಳು ಔಷಧಿ ಅಂಗಡಿಯ ಕಡೆ ಹೋಗುವಾಗ, "ನಂಬರ್ ಕಡೆ ಗಮನ ಇರಲಿ" ಎಂದು ಎರಡು ಸಲ ಹೇಳಿ ಹೋದಳು. ನಾನು ಗಮನ ಇಟ್ಟೇ ಕೂತೆ. ಪಕ್ಕದಲ್ಲಿ ಕೂತಿದ್ದ ಯಜಮಾನರು ತುಂಬಾ ಶಿಸ್ತಿನವರ ಹಾಗೆ ಕಂಡರು, ಅವರದು ನನ್ನ ನಂತರದ ಟೋಕನ್ನು. ಸ್ವಲ್ಪ ಹೊತ್ತಿಗೆ ಅವರು ಎದ್ದರು. ನಮ್ಮ ನಂಬರು ಬಂದಿರಬೇಕೆಂದು ನಾನೂ ಎದ್ದು ಅವರ ಹಿಂದೆಯೇ ಹೋದೆ. ಹೋಗಿ ನಿಂತದ್ದು ಆಸ್ಪತ್ರೆಯ ಎದುರಿನ ಕಾಫಿ ಅಂಗಡಿಯ ಮುಂದೆ. "ನಾನು ನಿಮ್ಮನ್ನೇ ನೋಡ್ಕೊಂಡಿದ್ದೆ, ನಂದು ಆಗ್ಲೇ ಕೂಗ್ಬಿಟ್ರಾ ಸಾರ್?" ಎಂದು ಅವರೇ ನನ್ನನ್ನು ಕೇಳಿದರು.